ನೆರೆ

ಮೂವತ್ತೊಂದು ವರ್ಷ ಭಾನುವಾರದ ಮಕ್ಕಳಿಗೆ
ಎರಡು ಆಜ್ಞೆಗಳನ್ನು ಬೆರಳಲ್ಲಿ ಕಲಿಸಿದೆ.
ಹೆಬ್ಬೆರಳು ದೇವರು, ತೋರುಬೆರಳು ನೆರೆಯವರು.
ಕೊನೆಯ ಬೆಂಚಿನ ಜೋಜಿ ಒಮ್ಮೆ ಎದ್ದು ನಿಂತ:
"ಟೀಚರ್, ನೆರೆ ಅಂದ್ರೆ ಹೊಳೆ ಉಕ್ಕಿ ಬರೋದಲ್ವಾ?
ಅದನ್ನ ಹೇಗೆ ಪ್ರೀತಿಸೋದು?"
ಎಲ್ಲರೂ ನಕ್ಕರು. ನಾನೂ ನಕ್ಕೆ.
ಆಮೇಲೆ ತಲೆಹರಟೆಗೆಂದು ಮೊಣಕಾಲೂರಿಸಿದೆ.

ಕರಡಿಗೋಡಿನಲ್ಲಿ ನನ್ನ ನೆರೆ ಪಾವಾಯಿ.
ಬೇಲಿಯೆಂದರೆ ನಾಲ್ಕು ಗೂಟ, ತುಕ್ಕು ತಂತಿ,
ಅದರಾಚೆ ಅವಳು, ಅವಳ ಏಳು ಬಾತುಕೋಳಿ,
ಹೊಗೆಸೊಪ್ಪು ಉಗಿಯುವ ಬಾಯಿ.
ಗಂಡ ಸಡೆಯ, ಸಿಲ್ವರ್ ಮರಕ್ಕೊರಗಿಸಿದ ಏಣಿಯಿಂದ
ಮೆಣಸಿನ ಚೀಲದ ಸಮೇತ ಬಿದ್ದವನು,
ಐದು ವರ್ಷದಿಂದ ಮಂಚ ಬಿಟ್ಟಿಲ್ಲ.
ಬಲಿಪೀಠಕ್ಕೆಂದೇ ಚಾಪೆಲ್ಲಿನ ಪಕ್ಕ ಬೆಳೆಸಿದ ಸೇವಂತಿಗೆಗೆ
ಬಾತುಕೋಳಿ ನುಗ್ಗಿದ ದಿನ ನಾನು ಮಾತು ಬಿಟ್ಟೆ.
ಪ್ರಾರ್ಥನೆಯಲ್ಲಿ ಅವಳ ಹೆಸರು ಹೇಳುತ್ತಿದ್ದೆ, ಇಲ್ಲವೆಂದಲ್ಲ.
ದೇವರ ಹತ್ತಿರ ಅವಳ ಬಗ್ಗೆ ಮಾತಾಡುವುದು
ಅವಳ ಹತ್ತಿರ ಮಾತಾಡುವುದಕ್ಕಿಂತ ಸಲೀಸು.

ಆಗಸ್ಟಿನ ಆ ರಾತ್ರಿ
ಕಾವೇರಿ ಮೆಟ್ಟಿಲು ಎಣಿಸಲಿಲ್ಲ.
ಹನ್ನೆರಡೂವರೆಗೆ ಒಲೆಯ ಬೂದಿ ತೇಲಿತು,
ಒಂದಕ್ಕೆ ಮೊಣಕಾಲು.
"ಅಕ್ಕಾ, ಒಂದು ಕೈ ಹಿಡಿ, ಇವರನ್ನ ಎತ್ತಬೇಕು."
ಮಳೆಯ ಸದ್ದಲ್ಲಿ ಕೇಳಿಸಲಿಲ್ಲ ಅಂತ ಊರಿಗೆ ಹೇಳಿದೆ,
ಪಾಪನಿವೇದನೆಯಲ್ಲೂ ಹಾಗೇ ಹೇಳಿದೆ.
ಇಲ್ಲಿ ಹೇಳುತ್ತೇನೆ: ಕೇಳಿಸಿತು.
ಚಾಪೆಲ್ಲಿನ ಬೀಗದ ಕೈ ನನ್ನ ಸೊಂಟದಲ್ಲಿತ್ತು.
ಮೊದಲನೆಯದು ಮೊದಲು ಅಂದುಕೊಂಡು
ಹೆಬ್ಬೆರಳಿನ ಕಡೆ ಓಡಿದೆ.

ಪೂಜಾಪಾತ್ರೆ, ಗಂಜಿ ಹಾಕಿ ಇಸ್ತ್ರಿ ಮಾಡಿದ
ಬಲಿಪೀಠದ ಬಟ್ಟೆ, ಅಂಚಿಗೆ ನನ್ನದೇ ಕಸೂತಿ,
ಯೂರಿಯಾ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಹೊತ್ತು
ಹನಿ ತಾಗದಂತೆ ಶಾಲೆಯ ದಿಬ್ಬ ಹತ್ತಿದೆ.
ಸಡೆಯನನ್ನು ಬಾಗಿಲ ಹಲಗೆಯ ಮೇಲೆ ತಂದವರು
ಲೈನ್ ಮನೆಯ ಅಸ್ಸಾಮಿನ ಹುಡುಗರು.
ಅವರಿಗೆ ಅವನ ಹೆಸರೂ ಗೊತ್ತಿರಲಿಲ್ಲ.

ಐದನೇ ಕ್ಲಾಸಿನ ಕೋಣೆಯಲ್ಲಿ
ನಮ್ಮ ಚಾಪೆಗಳು ಪಕ್ಕಪಕ್ಕ ಬಿದ್ದವು.
ಕಂಬಳಿಯ ಜೀಪು ಬಂದಿರಲಿಲ್ಲ.
ಸಡೆಯನ ಹಲ್ಲು ಕಟಕಟ.
ಪಾವಾಯಿ ತನ್ನ ಒದ್ದೆ ಸೆರಗನ್ನೇ ಹಿಂಡಿ ಹಿಂಡಿ ಹೊದಿಸುತ್ತಿದ್ದಳು.
ನನ್ನತ್ತ ನೋಡಲಿಲ್ಲ, ಕೇಳಲೂ ಇಲ್ಲ.
ಕೇಳಿದ್ದರೆ, ಕೊಡದಿರಲು ಏನಾದರೂ ಕಾರಣ ಸಿಗುತ್ತಿತ್ತು.
ಆ ಕೋಣೆಯಲ್ಲಿ ಒಣಗಿದ್ದದ್ದು ಒಂದೇ ಒಂದು.
ಸ್ವಾಮಿ, ಅದು ನಿನ್ನದು.

ಎಷ್ಟು ಹೊತ್ತು ಕೂತಿದ್ದೆನೋ.
ಚೀಲದ ದಾರ ಬಿಚ್ಚಿದೆ.
ಗಂಜಿಯ ಮಡಿಕೆಗಳು ಸಣ್ಣಗೆ ಸದ್ದು ಮಾಡುತ್ತ ತೆರೆದವು.
ಪಾದ ಮುಚ್ಚಿ ಗಲ್ಲದವರೆಗೂ ಬಂತು.
ಕಸೂತಿಯ ಶಿಲುಬೆಯ ಮೇಲೆ ಬೆರಳಾಡಿಸಿ
"ನೀನೇ ಹೊಲಿದದ್ದಾ?" ಅಂದಳು.
"ಹೂಂ." ಏಳು ತಿಂಗಳ ಮೇಲೆ ನನ್ನ ಮೊದಲ ಮಾತು.
ಬೆಳಗಿನ ಜಾವ ಅವನು ಅದರಲ್ಲೇ ಉಚ್ಚೆ ಹೊಯ್ದ.

ಹೊಳೆ ಇಳಿದ ಮೇಲೆ ಕಲ್ಲಿನ ಮೇಲೆ ಒಗೆದೆವು.
ಅವಳೊಂದು ತುದಿ, ನಾನೊಂದು ತುದಿ,
ಅವಳು ಅತ್ತ ತಿರುಚಿದಳು, ನಾನು ಇತ್ತ.
ಇಬ್ಬರೂ ಒಂದೇ ಕಡೆ ತಿರುಗಿಸಿದರೆ ನೀರು ಬಿಡುವುದಿಲ್ಲ.
ನಿಂಬೆ, ಸೋಪು, ಎರಡು ದಿನದ ಬಿಸಿಲು.
ಒಂದು ಕಲೆ ಮಾತ್ರ ಹೋಗಲಿಲ್ಲ.
ನನ್ನ ನೆರೆತ ತಲೆ ನೋಡಿ ನಕ್ಕಳು:
"ಬಿಡಕ್ಕಾ, ಇದೇನು ತಿಕ್ಕಿದರೆ ಹೋಗುತ್ತಾ?"

ತೆನೆ ಹಬ್ಬದ ದಿನ ಅದನ್ನೇ ಹಾಸಿದೆ.
ಫಾದರ್ ಬೆರಳಿಟ್ಟು, ಇದೇನು ಎಂದರು.
ಮೂವತ್ತೊಂದು ವರ್ಷದ ಉತ್ತರಗಳಿದ್ದವು ನನ್ನ ಬಳಿ.
"ನೆರೆ ಬಂದಿತ್ತು, ಫಾದರ್."
ಅವರು ಹೊಳೆಯ ಕಡೆ ನೋಡಿದರು.

ಕಿಟಕಿಯಾಚೆ, ಬೇಲಿ ಕೊಚ್ಚಿಹೋದ ಕಡೆಯಿಂದ
ಏಳರಲ್ಲಿ ಉಳಿದ ಎರಡು ಬಾತುಕೋಳಿ
ಮತ್ತೆ ನೆಟ್ಟ ಸೇವಂತಿಗೆ ಸಸಿಗಳಿಗೆ ಇಳಿಯುತ್ತಿದ್ದವು.
ಸಿಟ್ಟು ಬಂತು, ಸುಳ್ಳೇಕೆ.