ಎಡಗಡೆಯ ಕಹಿ

ಹತ್ತೊಂಬತ್ತು ವರ್ಷದ ಮೇಲೆ ಆಸ್ಪತ್ರೆಗೆ ನನ್ನ ನೆನಪಾಗಿದೆ.
ಖೊಮುಟೊವಿನ ಮೊಹರು ಹೊತ್ತ ಲಕೋಟೆ, ಒಳಗೊಂದು ಹಾಳೆ:
ದ್ರಾಹೊಮೀರಾ ಅವರೇ, ಟಾನ್ಸಿಲ್ ತೆಗೆಸಿಕೊಂಡ ಬಳಿಕ ತಮಗೆ
ದೀರ್ಘಕಾಲದ ತೊಂದರೆ ಏನಾದರೂ?
ಹೌದು. ಇಲ್ಲ.
ಎರಡು ಚೌಕ, ಕೆಳಗೆ ಷರಾ ಬರೆಯಲು
ಒಂದೇ ಒಂದು ಗೆರೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಸುಳ್ಳಾಡಬಾರದು.
ಮೂವತ್ತೆಂಟರವರೆಗೆ ವರ್ಷಕ್ಕೆ ಆರು ಸಲ
ಗಂಟಲಲ್ಲಿ ಎರಡು ಕೆಂಡ.
ಎಂಜಲು ನುಂಗುವುದಕ್ಕೂ ಮೇಜಿನ ಅಂಚು ಹಿಡಿಯಬೇಕು.
ಪೆನ್ಸಿಲಿನ್ನಿನ ಖಾಲಿ ಡಬ್ಬಿಗಳಲ್ಲಿ ಮಗಳು
ಗುಂಡಿ, ಸೂಜಿ, ಬಿದ್ದ ಹಲ್ಲು ಕೂಡಿಡುತ್ತಿದ್ದಳು.
ಅದೆಲ್ಲ ನಿಂತಿತು. ನೆಗಡಿ ಬರುತ್ತದೆ,
ಅದು ಯಾರನ್ನು ಬಿಟ್ಟಿದೆ? ಆದರೆ ಕೆಂಡ ಮತ್ತೆ ಬರಲಿಲ್ಲ.
ಗೊರಕೆಯೂ ನಿಂತಿತು.
ಮೌನಕ್ಕೇ ಎಚ್ಚರವಾಗಿಬಿಡುತ್ತದೆ ಎಂದು
ಬೊಹುಸ್ಲಾವ್ ಕೆಲವು ತಿಂಗಳು ಗೊಣಗಿದ.

ಆದರೆ ನನ್ನ ಅನ್ನ ಕಹಿಯಲ್ಲಿತ್ತು.
ಝಾಟೆಟ್ಸಿನ ಬಿಯರ್ ಕಾರ್ಖಾನೆಯಲ್ಲಿ ರುಚಿ ನೋಡುವವಳು ನಾನು.
ಬೆಳಿಗ್ಗೆ ಹತ್ತಕ್ಕೆ ಹನ್ನೊಂದು ಲೋಟ, ಒಣ ಬ್ರೆಡ್ಡು,
ಉಗುರುಬೆಚ್ಚಗಿನ ನೀರು.
ಸಿಹಿ ಹೊಸ್ತಿಲಲ್ಲೇ ನಿಂತು ಮಾತಾಡಿ ಹೋಗುತ್ತದೆ.
ಕಹಿ ಹಾಗಲ್ಲ. ಒಳಮನೆಯವರೆಗೂ ಬಂದು,
ಕಿರುನಾಲಿಗೆಯ ಕೆಳಗೆ ಕೂತು,
ತೀರಾ ತಡವಾಗಿ ಬಾಯಿ ಬಿಡುತ್ತದೆ.
ಯಾವ ತೋಟದ ಹಾಪ್, ಯಾವ ವಾರ ಕಿತ್ತದ್ದು,
ಗೂಡಿನಲ್ಲಿ ಎಷ್ಟು ಹೊತ್ತು ಒಣಗಿತು,
ಅದು ಹೇಳುತ್ತದೆ, ನಾನು ಬರೆದುಕೊಳ್ಳುತ್ತೇನೆ.

ಮೂರು ವಾರ ಐಸ್‌ಕ್ರೀಮು ತಿಂದು ಮರಳಿದೆ.
ಮೊದಲ ಗುಟುಕು. ಎಡಗಡೆ ಕಹಿ ಮಾತಾಡಿತು,
ಬಲಗಡೆ ಯಾರೂ ಇರಲಿಲ್ಲ.

ಡಾಕ್ಟರು ಗೋಡೆಯ ಚಿತ್ರಕ್ಕೆ ಪೆನ್ಸಿಲ್ ಊರಿ ಹೇಳಿದರು:
ಗ್ರಂಥಿಯ ಬೆನ್ನಿಗೇ ಒಂದು ನರ ಹಾದುಹೋಗುತ್ತದೆ,
ಅದಕ್ಕೆ ಪೆಟ್ಟಾಗಿರಬೇಕು,
ಸಾಮಾನ್ಯವಾಗಿ ಆರು ತಿಂಗಳಲ್ಲಿ ಸರಿಹೋಗುತ್ತದೆ,
ಸರಿಹೋಗದಿರುವುದು ಬಹಳ ಅಪರೂಪ.
ಆಮೇಲೆ ನಾನೇ ಆ ಅಪರೂಪವಾದೆ.

ಯಾರಿಗೂ ಹೇಳಲಿಲ್ಲ. ಲೋಟ ಎತ್ತುವಾಗ
ತಲೆಯನ್ನು ಒಂದಿಷ್ಟು ಎಡಕ್ಕೆ ವಾಲಿಸಿದೆ,
ಇಳಿಜಾರಿನ ಗದ್ದೆಗೆ ನೀರು ತಿರುಗಿಸುವ ಹಾಗೆ.
ಅರ್ಧ ನಾಲಿಗೆಯಲ್ಲಿ ಇಡೀ ಸಂಬಳ ದುಡಿದೆ.
ಬೊಹುಸ್ಲಾವನನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮಾತ್ರ,
ಅವನ ಅಣ್ಣ ಕೈಗಿಟ್ಟ ಲೋಟವನ್ನು
ಬೇಕೆಂದೇ ಬಲಕ್ಕೆ ವಾಲಿಸಿ ಕುಡಿದೆ.
ನೊರೆ. ತಣ್ಣಗಿನ ಏನೋ ಒಂದು. ಅಷ್ಟೇ.
ಅಷ್ಟೇ ಬೇಕಾಗಿತ್ತು.

ಈಗ ಎಂಟು ಜನ ಹೊಸ ಹುಡುಗರು, ಹುಡುಗಿಯರು
ನನ್ನ ಕೈಕೆಳಗೆ. ಹೋದ ಮಂಗಳವಾರ ತಲೆಯೆತ್ತಿ ನೋಡಿದರೆ
ಎಂಟೂ ತಲೆಗಳು ಎಡಕ್ಕೆ ವಾಲಿವೆ,
ಗಾಳಿಗೆ ಸಿಕ್ಕ ತಂತಿಯ ಮೇಲಿನ ಬಳ್ಳಿಗಳಂತೆ.
ವ್ರಾತಿಸ್ಲಾವ್ ಹೊಸಬಳೊಬ್ಬಳಿಗೆ ಗುಟ್ಟು ಹೇಳುತ್ತಿದ್ದ:
ಹೀಗೆ, ಕಿವಿ ಭುಜಕ್ಕೆ ಹತ್ತಿರ ಬರಬೇಕು,
ಕಹಿ ಇರುವುದೇ ಆ ಕಡೆ.

ಕೆಮ್ಮು ಬಂದವಳಂತೆ ಹೊರಗೆ ಹೋಗಿ
ಅಂಗಳದ ಪೀಪಾಯಿಗಳ ಹಿಂದೆ ನಿಂತು ನಕ್ಕೆ,
ಕಣ್ಣಲ್ಲಿ ನೀರು ಬರುವವರೆಗೆ.

ಚೌಕಗಳೆರಡನ್ನೂ ಖಾಲಿ ಬಿಟ್ಟಿದ್ದೇನೆ.
ಷರಾದ ಗೆರೆಯ ಮೇಲೆ ಬರೆದೆ:
ಎಚ್ಚರವಿರಲಿ, ಇದು ಅಂಟುರೋಗ.