ಕಿರುಬೆರಳಿನ ಅಳತೆ

ರಾತ್ರಿ ಹತ್ತಾದರೂ ಬೆಂಕಿಯ ಸುತ್ತ ವಾದ ಆರಿಲ್ಲ.
ಡೆನ್ಮಾರ್ಕಿನ ಯೆಪ್ಪೆ ಹೇಳುತ್ತಾನೆ,
ಮುನ್ನೂರೆಪ್ಪತ್ತೈದು ಸಾಕು, ಕೈ ನಡುಗದಿದ್ದರೆ.
ನಮ್ಮ ಯಜಮಾನ ಸ್ಟ್ರಾಥನ್ ಹೇಳುತ್ತಾನೆ,
ನಾನೂರೈವತ್ತೆಂಟಕ್ಕಿಂತ ಸಣ್ಣದು
ಕೋಣನ ಮುಂದೆ ಕಿನ್ನರಿ.
ಇಬ್ಬರ ನಡುವೆ ಇರುವುದು ಎರಡು ಮಿಲಿಮೀಟರ್:
ಒಂದು ಉಣ್ಣಿ, ಅದೂ ಇನ್ನೂ ರಕ್ತ ಕುಡಿಯದ್ದು.

ನನ್ನನ್ನು ಯಾರೂ ಕೇಳುವುದಿಲ್ಲ.
ನಾನು ಎನ್ಗೋಸಾ, ಲುವಾಂಗ್ವಾ ದಂಡೆಯವನು,
ಚರ್ಮ ಸುಲಿಯುವವನು.
ಗುಂಡು ಹೊರಡುವ ಸದ್ದು ಅವರದು,
ಅದು ಹೋಗಿ ತಲುಪಿದ ಊರು ನನಗೆ ಗೊತ್ತು.
ತೂತಿಗೆ ಬೆರಳಿಟ್ಟು ಹೇಳಬಲ್ಲೆ:
ಕಿರುಬೆರಳೂ ತಡವರಿಸಿದರೆ ಯೆಪ್ಪೆಯದು,
ಸಲೀಸಾಗಿ ಹೊಕ್ಕರೆ ಸ್ಟ್ರಾಥನ್‌ನದು.

ಹೃದಯದ ಮೇಲ್ತುದಿ ಹರಿದ ಸಣ್ಣ ಗುಂಡಿಗೆ
ಎಪ್ಪತ್ತು ಹೆಜ್ಜೆಯಲ್ಲಿ ಮಂಡಿಯೂರಿದ ಕೋಣ ಕಂಡಿದ್ದೇನೆ.
ಹೊಟ್ಟೆಯಲ್ಲಿ ದೊಡ್ಡದನ್ನೇ ಹೊತ್ತು
ಇರುಳೆಲ್ಲ ಮೊಪಾನೆ ಪೊದೆಯಲ್ಲಿ ಕಾದ ಇನ್ನೊಂದು
ಬೆಳಿಗ್ಗೆ ಕಬುಸ್ವೆಯ ತೊಡೆ ಸೀಳಿತು.
ಅವನೀಗ ಕುಂಟುತ್ತ ಇವರಿಗೆ ಚಹಾ ಕಾಸುತ್ತಾನೆ,
ವಾದ ಕೇಳಿ ಕೆಟಲಿಯೊಳಗೆ ನಗುತ್ತಾನೆ.

ಹಾಗಂತ ಅಗಲ ಸುಳ್ಳಲ್ಲ.
ತಲೆ ತಗ್ಗಿಸಿ ನುಗ್ಗುವಾಗ, ಹದಿನೈದೇ ಹೆಜ್ಜೆ ಉಳಿದಾಗ,
ಆ ಉಣ್ಣಿಯಷ್ಟು ಹೆಚ್ಚಿನ ಸೀಸಕ್ಕೆ
ನಾನೂ ಕೈ ಮುಗಿದಿದ್ದೇನೆ.

ಇವತ್ತಿನದು ಮುದಿ ಕೋಣ, ಕಿವಿಯೆಲ್ಲ ಚಿಂದಿ.
ಎಡ ಹೆಗಲಲ್ಲಿ ಚಾಕು ಠಣ್ ಎಂದಿತು.
ಎಲುಬಲ್ಲ.
ಗಂಟುಗಟ್ಟಿದ ಬಿಳಿ ಮಾಂಸದೊಳಗೆ
ಕಾಂಕ್ರೀಟಿಗೆ ಹಾಕುವ ಸರಳಿನ ತುಂಡು,
ಹನ್ನೆರಡು ಮಿಲಿಮೀಟರ್.
ಬೆಂಕಿಯ ಬಳಿಯ ಎಲ್ಲರ ಗುಂಡಿಗಿಂತ ದಪ್ಪ!
ಮದ್ದಿಗೆ ಉಸಿರು ಸಾಲದೆ
ಅರ್ಧ ದಾರಿಯಲ್ಲೇ ಕೂತುಬಿಟ್ಟಿದೆ.
ಎಂಟೋ ಹತ್ತೋ ವರ್ಷ ಕೋಣ ಅದನ್ನು
ತನ್ನ ಜೊತೆ ಮೇಯಿಸಿಕೊಂಡು ಬಂದಿದೆ.

ತುಂಡಿನ ತುದಿ ಎಡಕ್ಕೆ ಓರೆ.
ಎಡಗೈಯಲ್ಲಿ ಗರಗಸ ಹಿಡಿಯುತ್ತಿದ್ದವನು
ನಮ್ಮ ಕಣಿವೆಯಲ್ಲಿ ಒಬ್ಬನೇ.
ಸೈಕಲ್ ಟ್ಯೂಬು ಸುತ್ತಿದ ನಾಡಬಂದೂಕು ಹೊತ್ತು
ಒಂದು ಸಂಜೆ ಬರಿಗೈಲಿ ಮರಳಿ ಅಪ್ಪ ಅಂದಿದ್ದ,
"ತಾಗಿತು. ನಿಲ್ಲಲಿಲ್ಲ."
ನಾವು ಹಸಿದಿದ್ದೆವು, ನಂಬಲಿಲ್ಲ.
ಅವ್ವ ಮಡಕೆ ಕವುಚಿ ಹಾಕುತ್ತ
ಬೇಟೆಗಾರರೆಲ್ಲ ಹೀಗೇ ಅಂದಳು.

"ಒಳಗೇನು ಸಿಕ್ಕಿತು?" ಯೆಪ್ಪೆ ಕೂಗುತ್ತಾನೆ.
ಅವನ ಗುಂಡನ್ನು ತೊಳೆದು ಅಂಗೈಗಿಟ್ಟೆ,
ಅಣಬೆಯಂತೆ ಅರಳಿದ್ದು, ಚೆಂದವಿದೆ.
ಅವನು ಸ್ಟ್ರಾಥನ್‌ಗೆ ತೋರಿಸಲು ಓಡಿದ.

ಇನ್ನೊಂದು ನನ್ನ ಜೇಬಿನಲ್ಲಿದೆ,
ನಡೆದಾಗೊಮ್ಮೆ ತೊಡೆಗೆ ತಣ್ಣಗೆ ತಗಲುತ್ತದೆ.
ತಾಗಿತ್ತು, ಅಪ್ಪ.