ನಡುವಿನ ಪದ

ಹೊಳೆಯ ಟರ್ಬೈನು ಹೇಳಿದ್ದು: ನಲವತ್ತೊಂದು ಸಾವಿರ.
ಮನೆಮನೆಯ ಮೀಟರು ಒಪ್ಪಿಕೊಂಡಿದ್ದು:
ಮೂವತ್ತೇಳು ಸಾವಿರದ ಆರುನೂರು.
ನಡುವಿನ ಮೂರು ಸಾವಿರದ ನಾನೂರು ಯೂನಿಟ್ಟು
ಆಟಕ್ಕುಂಟು, ಲೆಕ್ಕಕ್ಕಿಲ್ಲ.

'ನಮ್ಮ ಕಾರ್ನಿಯಾದಲ್ಲಿ ಕಳ್ಳರಿಲ್ಲ'
ಮೂರು ಸಲ ಹೇಳಿದ ದುಯೀಲಿಯೊ, ಮರ ಕೊಯ್ಯುವ ಮಿಲ್ಲಿನವ,
ಟೋಪಿಯ ಹೊಟ್ಟು ಮೇಜಿಗೆ ಉದುರುವಂತೆ ತಲೆಯಾಡಿಸಿ.
ನಿಜ, ಕಳ್ಳರಿಲ್ಲ.
ತಂತಿ ಬಿಸಿಯಾಗುತ್ತದೆ, ಅಷ್ಟೆ.

ಫೆಬ್ರವರಿ. ವಿದ್ಯುತ್ ಸಹಕಾರ ಸಂಘದ ಸಭೆ, ಶಾಲೆಯ ಕೋಣೆ.
ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತ ದೊಡ್ಡವರು.
ನಾನು ಲೆಕ್ಕ ಬರೆಯುವವಳು.
ಹನ್ನೊಂದು ವರ್ಷ ನಷ್ಟವನ್ನು ತಲೆಗಿಷ್ಟೆಂದು ಹಂಚಿ
ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು.

'ದೂರದವರು ಹೆಚ್ಚು ಕೊಡಲಿ' ಎಂದಿತು ಹೊಳೆಯ ಬದಿಯ ಬೆಂಚು,
'ಉದ್ದ ತಂತಿ ಎಳೆಸಿಕೊಂಡವರು ಅವರೇ.'
ಕೊನೆಯ ಕಂಬದ ನೊರೀನಾ ಎದ್ದಳು:
'ಕಂಬ ಬರುವ ಮೊದಲೇ ನನ್ನ ಮನೆ ಇತ್ತು.
ದೂರ ಇರುವುದು ನಾನೋ, ನಿಮ್ಮ ಟರ್ಬೈನೋ?'

ಸೀಮೆಸುಣ್ಣ ಹಿಡಿದೆ.
ಇದು ಒಂದೇ ತಂತಿ. ದುಯೀಲಿಯೊ ಒಬ್ಬನೇ ನಡೆದರೆ
ಹುಟ್ಟುವ ಬಿಸಿ: ಮೂರು ಮೂರ್ಲಿ ಒಂಬತ್ತು.
ನೊರೀನಾ ಒಬ್ಬಳೇ: ಒಂದೊಂದ್ಲಿ ಒಂದು.
ಇಬ್ಬರೂ ಒಟ್ಟಿಗೆ: ನಾಲ್ಕು ನಾಲ್ಕ್ಲಿ ಹದಿನಾರು.
ಒಂಬತ್ತು, ಒಂದು, ಹತ್ತಾಯಿತು.
ಉಳಿದ ಆರು ಯಾರದು?

ಬೆಂಚುಗಳು ಕಿರುಗುಟ್ಟಿದವು.
ಅವನಿಲ್ಲದಿದ್ದರೆ ಆ ಆರು ಇಲ್ಲ.
ಅವಳಿಲ್ಲದಿದ್ದರೂ ಇಲ್ಲ.
ಒಂದೇ ಹಾದಿಯಲ್ಲಿ ಒಂದೇ ಹೊತ್ತಿಗೆ
ಒಬ್ಬರನ್ನೊಬ್ಬರು ಕಾಣದೆ ನಡೆದವರಿಗೆ ಹುಟ್ಟಿದ ಕೂಸು.
'ದೊಡ್ಡವನು ಸಾಕಲಿ' ಎಂದರು ಕೆಲವರು.
'ಅರ್ಧರ್ಧ' ಎಂದಳು ಚೀಸಿನ ಇಯೋಲಾಂದಾ,
ಇಬ್ಬರು ಸೊಸೆಯರಿಗೆ ಒಂದೇ ಬಾಣಲೆ ಹಂಚಿದವಳು.

ನೊರೀನಾ ಕರಿಹಲಗೆಯನ್ನು ಬಹಳ ಹೊತ್ತು ನೋಡಿದಳು.
'ನಿನ್ನ ಗರಗಸ ನಿಲ್ಲುವುದು ಎಷ್ಟಕ್ಕೆ?'
'ಐದಕ್ಕೆ.'
'ನಾನು ಆರಕ್ಕೆ ಬ್ರೆಡ್ಡು ಸುಡುತ್ತೇನೆ. ಈಗ ಹೇಳಿ,
ಆ ಆರು ಯಾರದು?'

ಯಾರದೂ ಅಲ್ಲ.
ಒರೆಸುವ ಬಟ್ಟೆ ಸಿಗಲಿಲ್ಲ, ಅಂಗೈಯಿಂದಲೇ ಒರೆಸಿದೆ.
ಹಂಚುವುದೊಂದೇ ನ್ಯಾಯವೆಂದುಕೊಂಡಿದ್ದೆ ಇಷ್ಟು ವರ್ಷ.

ಆದರೂ ಚರ್ಚಿನ ಬದಿಯ ಟ್ರಾನ್ಸ್‌ಫಾರ್ಮರ್ ಇದೆ.
ಯಾರೂ ಒಂದು ದೀಪ ಹಚ್ಚದ ರಾತ್ರಿಯೂ
ಗುಂಯ್ ಎನ್ನುತ್ತ ತನ್ನ ಪಾಲು ತಿನ್ನುತ್ತದೆ.
ಅದರ ನೆತ್ತಿಯಲ್ಲಿ ಹಿಮ ನಿಲ್ಲುವುದಿಲ್ಲ.
ಯಾರ ಮನೆಯದೂ ಅಲ್ಲದ ಕುಂಟು ಬೆಕ್ಕೊಂದು
ಅಲ್ಲೇ ಚಳಿಗಾಲ ಕಳೆಯುತ್ತದೆ.
ಅದನ್ನು ಮಾತ್ರ ಎಲ್ಲರಿಗೂ ಸಮ ಹಂಚಿದೆವು. ಕೈ ಎತ್ತದವರಿಲ್ಲ.
ಪುಸ್ತಕದಲ್ಲಿ ಬರೆದೆ: ಬೆಕ್ಕಿನ ಬಾಬ್ತು.

ಈಗ ಏಪ್ರಿಲ್.
ಆರು ಪೂರ್ತಿ ಹೋಗಿಲ್ಲ.
ಮದುವೆ ಬಂದರೆ ನೊರೀನಾ ಮಧ್ಯಾಹ್ನವೇ ಒಲೆ ಹಚ್ಚುತ್ತಾಳೆ,
ಮಳೆ ಬರುವಂತಿದ್ದರೆ ದುಯೀಲಿಯೊ ಏಳರವರೆಗೂ ಕೊಯ್ಯುತ್ತಾನೆ.
ಆ ದಿನಗಳಿಗೆ ಅರ್ಧರ್ಧ ಬರೆಯುತ್ತೇನೆ.
ಅವನು ಗೊಣಗುತ್ತಾನೆ.
ಅವಳು ಬಿಲ್ಲಿನ ಜೊತೆ ಅವನಿಗೊಂದು ಬ್ರೆಡ್ಡು ಕಳಿಸುತ್ತಾಳೆ,
ತಳ ಸ್ವಲ್ಪ ಸೀದದ್ದು.